ಸೆಂಟಿನ ಸೀಮೆ, ಗುಂಟೆಯ ಸೀಮೆ

ಕೊಳ್ಳೇಗಾಲದಲ್ಲಿ ಹಳೇ ಮನೆ ಮಾರಲು ಹೊರಟವರು ಈಚೆಗೆ ನನ್ನ ಮುಂದೆ ಕೂತು ಮೊದಲು ಕೇಳುವುದು ಇವತ್ತಿನ ಬೆಲೆಯನ್ನಲ್ಲ. ಅದು ಬ್ರೋಕರಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಅವರಿಗೆ ಬೇಕಾದದ್ದು 2001ರ ಏಪ್ರಿಲ್ 1ನೇ ತಾರೀಖಿನ ಬೆಲೆ. ಆಡಿಟರು ಕೇಳಿ ಕಳಿಸಿರುತ್ತಾರೆ. ನಾನು ಪತ್ರ ಬರೆಯುವವನು, ನಮ್ಮಪ್ಪನದೂ ಇದೇ ಕಸುಬು. ಹಾಗಾಗಿ ಹಳೇ ಬೆಲೆ ಬೇಕಾದವರೆಲ್ಲ ನಮ್ಮ ಮನೆ ಜಗಲಿ ಹತ್ತುತ್ತಾರೆ.

ಆದಾಯ ತೆರಿಗೆಯ ಲೆಕ್ಕ ಹೀಗಿದೆ. 2001ಕ್ಕೆ ಮೊದಲೇ ಕೈಗೆ ಬಂದ ಆಸ್ತಿಯನ್ನು ಈಗ ಮಾರಿದರೆ, ಲಾಭ ತೆಗೆಯಲು ತಾತ ಕೊಟ್ಟ ಕ್ರಯವನ್ನೇ ಹಿಡಿಯಬೇಕಿಲ್ಲ. ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲು ಎಂದು ತೋರಿಸಬಹುದು. ಮೊದಲು ಈ ಗೆರೆ 1981ರ ಏಪ್ರಿಲ್ 1ಕ್ಕೆ ಇತ್ತು. 2017ರ ಬಜೆಟ್ಟಿನಲ್ಲಿ ಅದನ್ನು ಇಪ್ಪತ್ತು ವರ್ಷ ಮುಂದಕ್ಕೆ ಎಳೆದರು. 2020ರಲ್ಲಿ ಇನ್ನೊಂದು ಷರತ್ತು ಸೇರಿತು: ನೋಂದಣಿಗಾಗಿ ಸರ್ಕಾರ ಆವತ್ತು ಕಟ್ಟಿದ್ದ ಬೆಲೆ ಸಿಗುವುದಾದರೆ, ನೀವು ತೋರಿಸುವ ಅಸಲು ಅದನ್ನು ಮೀರುವಂತಿಲ್ಲ. 2024ರ ಜುಲೈ 23ರ ನಂತರ ಶೇಕಡ 12.5ರ ದರ ಬಂದರೂ ಅಸಲು ಎಷ್ಟು ಎನ್ನುವ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಇದೆ. ಕೃಷಿ ಜಮೀನಿಗೆ ಈ ತಾಪತ್ರಯ ಇಲ್ಲ ಅನ್ನುತ್ತಾರೆ. ಹಳ್ಳಿ ಜಮೀನಿಗೆ ಇಲ್ಲ, ನಿಜ. ಆದರೆ ಕೊಳ್ಳೇಗಾಲದ ಜನಸಂಖ್ಯೆ 10,000 ದಾಟಿ ಯಾವ ಕಾಲವೋ ಆಯಿತು. ನಗರಸಭೆ ಗಡಿಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರ್ ಒಳಗಿನ ರಾಗಿ ಹೊಲವೂ ತೆರಿಗೆಯವರ ಕಣ್ಣಿಗೆ ಪೇಟೆಯ ಆಸ್ತಿಯೇ.

ಆ 2001ರ ಬೆಲೆ ಇರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದ ಪಟ್ಟಿಯಲ್ಲಿ. ಪೇಟೆಯಾದರೆ ಬೀದಿವಾರು, ಹಳ್ಳಿಯಾದರೆ ಗ್ರಾಮವಾರು. ಜಮೀನಿಗೆ ಖುಷ್ಕಿ (ಮಳೆ ನಂಬಿದ ಹೊಲ), ತರಿ (ನೀರಿನ ಗದ್ದೆ), ಬಾಗಾಯ್ತು (ತೋಟ) ಎಂದು ಬೇರೆ ಬೇರೆ ದರ. ನಿಮ್ಮ ಹೊಲ ಯಾವ ಸಾಲಿಗೆ ಬೀಳುತ್ತದೆ ಎನ್ನುವುದನ್ನು ಪಹಣಿ ಹೇಳುತ್ತದೆ. ಪಹಣಿಗೆ ಅದನ್ನು ಹೇಳಿಕೊಟ್ಟವರು ಯಾರು ಎಂದು ಹಿಂದಕ್ಕೆ ಹೋದರೆ ನೂರು ನೂರೈವತ್ತು ವರ್ಷದ ಹಿಂದೆ ಸರಪಳಿ ಹಿಡಿದು ಗದ್ದೆ ಬದುವಿನ ಮೇಲೆ ನಿಂತವನ ತನಕ ಹೋಗಬೇಕಾಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು, ನಮ್ಮ ಈ ಮೂರು ತಾಲ್ಲೂಕುಗಳ ವಿಷಯದಲ್ಲಿ ಆ ಮನುಷ್ಯ ಒಬ್ಬನಲ್ಲ. ಒಬ್ಬ ಮದರಾಸಿನವನು, ಇನ್ನೊಬ್ಬ ಮೈಸೂರಿನವನು. ಇಬ್ಬರ ಲೆಕ್ಕಕ್ಕೂ ತಾಳೆಯಿಲ್ಲ.

ಟಿಪ್ಪು ಬಿದ್ದ ಮೇಲೆ 1799ರಲ್ಲಿ ಸೀಮೆ ಹಂಚಿಕೊಂಡಾಗ ಕೊಳ್ಳೇಗಾಲ, ಹನೂರು ಕಡೆಯ ನೆಲ ಕೊಯಮತ್ತೂರಿನ ಜೊತೆ ಕಂಪನಿಗೆ ಹೋಯಿತು. ಯಳಂದೂರು ಮೈಸೂರಿನಲ್ಲಿ ಉಳಿಯಿತು. ಮರುವರ್ಷವೇ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಸತ್ತೇಗಾಲ, ಹನೂರು, ಕೌದಳ್ಳಿ ಹಾದು ಕಾವೇರಿ ಕಡೆಗೆ ಇಳಿದುಹೋದ. ದಾರಿಯುದ್ದಕ್ಕೂ ಅವನು ವಿಚಾರಿಸಿದ್ದು ಮಣ್ಣು, ಬೆಳೆ, ಕಂದಾಯ. ಬಂದವನು ಪ್ರವಾಸಿಯಂತೆ ಕಂಡರೂ ಕೆಲಸ ಬೆಲೆ ಕಟ್ಟುವುದೇ. ಆ ಮೇಲಿನ ಒಂದೂವರೆ ಶತಮಾನ ಕೊಳ್ಳೇಗಾಲದ ರೈತನ ಜಿಲ್ಲಾ ಕಚೇರಿ ದಿಂಬಂ ಘಾಟಿ ಇಳಿದು ಹೋಗಬೇಕಾದ ಕೊಯಮತ್ತೂರು.

ಯಳಂದೂರಿನ ಕತೆಯೇ ಬೇರೆ. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಕೊಟ್ಟದ್ದು ಇಷ್ಟು ಎಕರೆ ಎಂದಲ್ಲ, ವರ್ಷಕ್ಕೆ 10,000 ವರಹ ಹುಟ್ಟುವಳಿಯ ಸೀಮೆ ಎಂದು. ಇಡೀ ರಾಜ್ಯದ ಜಮೀನನ್ನು ಅಳೆಸಿ ಜಮೆ ಕಟ್ಟಿದ ಲೆಕ್ಕದ ಮನುಷ್ಯ ಪೂರ್ಣಯ್ಯ. ಅವರಿಗೆ ಸಿಕ್ಕ ಉಡುಗೊರೆಯೂ ಒಂದು ಮೊತ್ತವಾಗಿಯೇ ಬಂತು. ನನಗೆ ಗೊತ್ತಿದ್ದ ಹಾಗೆ ಯಳಂದೂರಿನ ನೆಲಕ್ಕೆ ಸರ್ಕಾರ ಕಟ್ಟಿದ ಹಳೆಯ ದೊಡ್ಡ ಬೆಲೆ ಅದು, ಮತ್ತು ಅದು ನೆಲದ ಬೆಲೆಯೇ ಅಲ್ಲ, ವಸೂಲಿಯ ಬೆಲೆ. ಪೂರ್ಣಯ್ಯನವರ ವಂಶದ ಪಿ.ಎನ್. ಕೃಷ್ಣಮೂರ್ತಿ ಯಳಂದೂರಿನ ಜಹಗೀರುದಾರರಾಗಿದ್ದುಕೊಂಡೇ 1901ರಿಂದ 1906ರವರೆಗೆ ಮೈಸೂರಿನ ದಿವಾನರೂ ಆಗಿದ್ದರು. ಅಂದರೆ ಅಷ್ಟೂ ವರ್ಷ ಕಂದಾಯ ಕಟ್ಟಿಸಿಕೊಳ್ಳುವ ಸರ್ಕಾರದ ಮುಖ್ಯಸ್ಥರೂ ಜಹಗೀರಿನ ಹುಟ್ಟುವಳಿ ತಿನ್ನುವವರೂ ಒಬ್ಬರೇ.

ಹೀಗೆ ಅಗರ, ಮಾಂಬಳ್ಳಿ ಮೈಸೂರು ಸೀಮೆ. ನಾಲ್ಕು ಹೆಜ್ಜೆ ಈಚೆಗೆ ಬಂದರೆ ಬ್ರಿಟಿಷ್ ಇಂಡಿಯಾ. ಭಾಷೆ ಒಂದೇ, ಮಾದಪ್ಪ ಒಬ್ಬನೇ, ಬೀಗತನ ಆಚೀಚೆ. ಆದರೆ ಕ್ರಯಪತ್ರ ಬಿಡಿಸಿ ನೋಡಿದರೆ ಒಂದರ ನೆತ್ತಿಯ ಮೇಲೆ ಇಂಗ್ಲೆಂಡಿನ ರಾಜನ ತಲೆ, ಇನ್ನೊಂದರ ಮೇಲೆ ಗಂಡಭೇರುಂಡ. ನಮ್ಮಪ್ಪನ ಟ್ರಂಕಿನಲ್ಲಿ ಎರಡೂ ತರಹದ ಛಾಪಾ ಕಾಗದ ಇದ್ದವು. ಮದರಾಸಿನ ಕಾಗದ ದಪ್ಪ, ಮಡಿಸಿದ ಕಡೆ ಬಿರಿದುಕೊಂಡಿತ್ತು. ಒಳಗಿನ ಬರಹ ಕನ್ನಡವೇ ಆದರೂ ನಂಜೆ, ಪುಂಜೆ, ತೀರ್ವೆ, ಪುರಂಬೋಕು ಎಂದು ತಮಿಳು ನುಗ್ಗಿರುತ್ತಿತ್ತು. ಅದೇ ಸಂಗತಿಗಳನ್ನು ಯಳಂದೂರಿನ ಪತ್ರ ತರಿ, ಖುಷ್ಕಿ, ಕಂದಾಯ, ಖರಾಬು ಎನ್ನುತ್ತಿತ್ತು.

ಈಗ ಆ ಎರಡು ಲೆಕ್ಕಗಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು.

19ನೇ ಶತಮಾನದ ಉತ್ತರಾರ್ಧದಲ್ಲಿ ಮದರಾಸಿನವರು ಸೆಟಲ್‌ಮೆಂಟ್ ಮಾಡುವಾಗ ಮೊದಲು ಮಣ್ಣನ್ನು ಜಾತಿ ಮಾಡಿದರು: ಕರಿ, ಕೆಂಪು, ಮರಳು ಎಂದು. ಒಂದೊಂದು ಜಾತಿಯೊಳಗೂ ಜೇಡಿ ಎಷ್ಟು, ಮರಳೆಷ್ಟು ಎಂದು ತರಗತಿ. ಒಂದು ಎಕರೆಯಲ್ಲಿ ಒಂದು ಗೊತ್ತಾದ ಧಾನ್ಯ ಎಷ್ಟು ಬೆಳೆಯಬಹುದು ಎಂದು ಅಂದಾಜು ಮಾಡಿ, ಬರಗಾಲ ಬಿಟ್ಟು ಇಪ್ಪತ್ತು ವರ್ಷದ ಸರಾಸರಿ ಬೆಲೆಯಿಂದ ಅದನ್ನು ರೂಪಾಯಿ ಮಾಡಿದರು. ಗಾಡಿ ಬಾಡಿಗೆ ಮತ್ತು ವರ್ತಕನ ಲಾಭ ಕಳೆದರು, ಮಳೆ ಕೈಕೊಡುವುದಕ್ಕೆಂದು ಇಷ್ಟು ಕಳೆದರು, ಉಳುಮೆ ಬಿತ್ತನೆಯ ಖರ್ಚು ಕಳೆದರು. ಉಳಿದದ್ದರಲ್ಲಿ ಅರ್ಧ ಸರ್ಕಾರದ ಪಾಲು. ಆ ಅರ್ಧವನ್ನು ಹತ್ತಿರದ ದರಕ್ಕೆ ಹೊಂದಿಸಿ ‘ತರಂ’ ಎಂದು ನಂಬರು ಕೊಟ್ಟರು. ಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಸರ್ವೆ ನಂಬರಿನ ಎದುರು ಕಾಣುವುದು ಆ ತರಂ, ಎಕರೆ ದರ, ಒಟ್ಟು ತೀರ್ವೆ. ಅಳತೆ ಎಕರೆ ಮತ್ತು ಸೆಂಟಿನಲ್ಲಿ.

ಮೈಸೂರಿನವರು ಬೊಂಬಾಯಿ ಪದ್ಧತಿ ಹಿಡಿದರು. ಕಮಿಷನರುಗಳ ಆಳ್ವಿಕೆಯಲ್ಲಿ 1863ರಲ್ಲಿ ಸರ್ವೆ ಶುರುವಾಯಿತು. ಇಲ್ಲಿ ನಿವ್ವಳ ಹುಟ್ಟುವಳಿಯ ಗೊಡವೆಯಿಲ್ಲ. ಹೊಲವನ್ನು ಚೌಕಗಳಾಗಿ ಮಾಡಿ, ಹಾರೆ ಹಾಕಿ ಅಗೆದು, ಮಣ್ಣು ಎಷ್ಟು ಆಳ ಇದೆ ಎಂದು ನೋಡುವುದು. ಒಂದೂಮುಕ್ಕಾಲು ಮೊಳ ಆಳದ ಒಳ್ಳೇ ಮಣ್ಣಾದರೆ ಪೂರ್ತಿ 16 ಆಣೆ. ಆಳ ಕಡಿಮೆಯಾದಂತೆ, ನೊರಜುಕಲ್ಲು, ಇಳಿಜಾರು, ಮರಳು ಇಂಥ ದೋಷ ಸಿಕ್ಕಿದಂತೆ ಆಣೆ ಇಳಿಯುತ್ತದೆ. ಪೇಟೆ ಹತ್ತಿರವೋ ದೂರವೋ, ಮಳೆ ಹೇಗೆ ಎಂದು ನೋಡಿ ಹಳ್ಳಿಗಳ ಗುಂಪಿಗೆ ಒಂದು ಮೇಲ್ಮಿತಿ ದರ ಇಡುವುದು; ಆ ದರದಲ್ಲಿ ನಿಮ್ಮ ಹೊಲಕ್ಕೆ ಎಷ್ಟಾಣೆ ಪಾಲೋ ಅಷ್ಟು ಕಂದಾಯ. ಅಳತೆ ಎಕರೆ ಮತ್ತು ಗುಂಟೆಯಲ್ಲಿ. ಯಳಂದೂರಿನ ಹೊಲಗಳಿಗೆ ಕೊನೆಗೆ ದಕ್ಕಿದ್ದು ಈ ಗುಂಟೆ-ಆಣೆಯ ಲೆಕ್ಕವೇ.

ನೋಡಿ, ಎರಡರಲ್ಲೂ ಎಲ್ಲಿಯೂ ಜಮೀನು ಎಷ್ಟಕ್ಕೆ ಮಾರಾಟವಾಗುತ್ತದೆ ಎನ್ನುವ ಮಾತಿಲ್ಲ. ಒಬ್ಬ ಖರ್ಚು ಕಳೆದು ಉಳಿದದ್ದರ ಅರ್ಧ ಹಿಡಿದ, ಇನ್ನೊಬ್ಬ ಮಣ್ಣಿನ ಆಳ ಹಿಡಿದ. ಆದರೂ ಜನ ಹಾಗೆ ಓದುವುದಿಲ್ಲ. ಹನೂರಿನ ಆಚೆಯಿಂದ ಬಂದಿದ್ದ ಯಜಮಾನರೊಬ್ಬರು ಹಳೇ ನಕಲು ಹಿಡಿದು ಕೇಳಿದರು: “ತೀರ್ವೆ ಹನ್ನೆರಡಾಣೆ ಅಂತ ಅದಲ್ಲ ಸೋಮಿ, ಆವಾಗ ಎಕ್ರ ಅಷ್ಟಕ್ಕೇ ಸಿಕ್ತಿತ್ತಾ?” ಅವರು ತಮಾಷೆ ಮಾಡುತ್ತಿರಲಿಲ್ಲ. ಓದು ಬಲ್ಲ ಅವರ ಮಗನೂ ಆ ಹನ್ನೆರಡಾಣೆಯನ್ನು ಕಂಪ್ಯೂಟರಿನಲ್ಲಿ ಬೆಲೆಯ ಕಾಲಂಗೆ ತುಂಬಿಕೊಂಡು ಬಂದಿದ್ದ.

ಕೊಳ್ಳೇಗಾಲದ ಮಟ್ಟಿಗೆ ಈ ತಪ್ಪು ಇನ್ನೂ ದೊಡ್ಡದಾಗಲು ಒಂದು ಕಾರಣ ಉಂಟು. ಮದರಾಸು ಪ್ರಾಂತ್ಯದಲ್ಲಿ ಹಿಪ್ಪುನೇರಳೆ, ರೇಷ್ಮೆಹುಳು ಎಂದರೆ ಬಹುಮಟ್ಟಿಗೆ ಕೊಳ್ಳೇಗಾಲ ತಾಲ್ಲೂಕೇ. ಆದರೆ ಪುಂಜೆಯ ತರಂ ಕಟ್ಟಿದ್ದು ರಾಗಿ ಜೋಳದಂಥ ಕಾಳಿನ ಲೆಕ್ಕದಲ್ಲಿ. ಗೂಡಿಗೆ ಬೆಲೆ ಬಂದ ವರ್ಷ ಸೊಪ್ಪಿನ ತೋಟ ಕೊಡುತ್ತಿದ್ದುದಕ್ಕೂ ಪುಸ್ತಕದಲ್ಲಿ ಬರೆದದ್ದಕ್ಕೂ ಸಂಬಂಧವೇ ಇರಲಿಲ್ಲ. ಕೊಳ್ಳುವವನು ಮಾತ್ರ ಸೊಪ್ಪು ನೋಡಿ ದುಡ್ಡು ಎಣಿಸುತ್ತಿದ್ದ. ಇವತ್ತು ತರಂ ನೋಡಿ ಇದು ಕಳಪೆ ನೆಲವಾಗಿತ್ತು ಎನ್ನುವವರಿಗೆ ನಾನು ಅದೇ ಸರ್ವೆ ನಂಬರಿನ ಅಡಮಾನ ಪತ್ರ ಹುಡುಕಿ ನೋಡಿ ಅನ್ನುತ್ತೇನೆ. ಕ್ರಯಪತ್ರದಲ್ಲಿ ಛಾಪಾ ಉಳಿಸಲು ಮೊತ್ತ ಇಳಿಸಿ ಬರೆಸುವುದು ನಮ್ಮ ಕಸುಬಿನಷ್ಟೇ ಹಳೆಯದು. ಸಾಲ ಕೊಟ್ಟವನು ಹಾಗೆ ಇಳಿಸುವುದಿಲ್ಲ. ಬಡ್ಡಿ ಸೇರಿಸಿ ಏರಿಸಿರಬಹುದು, ಅದು ಬೇರೆ. ಆದರೂ ಆ ಜಮೀನಿನ ಮೇಲೆ ಒಬ್ಬ ಲೆಕ್ಕಾಚಾರದ ಮನುಷ್ಯ ಎಷ್ಟು ದುಡ್ಡು ಬಿಡಲು ಒಪ್ಪಿದ್ದ ಎನ್ನುವುದು ಅಲ್ಲಿ ಸಿಗುತ್ತದೆ.

1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಕೊಯಮತ್ತೂರು ಬಿಟ್ಟು ಮೈಸೂರು ಜಿಲ್ಲೆಗೆ ಬಂತು. ಮದರಾಸಿನ ಕಂದಾಯದ ಪುಸ್ತಕಗಳು ಫಸಲಿ ವರ್ಷದವು, ಜುಲೈಯಿಂದ ಜೂನ್‌ವರೆಗೆ; ಫಸಲಿಗೆ 590 ಕೂಡಿದರೆ ಇಸವಿ. ರಾಜ್ಯ ಬದಲಾದದ್ದು ಫಸಲಿ 1366ರ ನಡುವೆ. ಅದೇ ಫಸಲಿ ಮುಗಿಯುವ ಮೊದಲೇ, 1957ರ ಏಪ್ರಿಲ್ 1ಕ್ಕೆ, ಆಣೆ ಹೋಗಿ ನಯಾಪೈಸೆ ಬಂತು. ಕರಣೀಕ ಜುಲೈನಲ್ಲಿ ಮದರಾಸು ಸರ್ಕಾರಕ್ಕೆ ಆಣೆ ಪೈಗಳಲ್ಲಿ ತೆರೆದ ಪುಸ್ತಕವನ್ನು ಜೂನ್‌ನಲ್ಲಿ ಮೈಸೂರು ಸರ್ಕಾರಕ್ಕೆ ನಯಾಪೈಸೆಯಲ್ಲಿ ಮುಗಿಸಬೇಕಾಯಿತು. ಆ ಒಂದು ವರ್ಷದ ಲೆಕ್ಕ ನೋಡಬೇಕಾಗಿ ಬಂದಾಗಲೆಲ್ಲ ನಮ್ಮಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಯಳಂದೂರನ್ನೂ ಆ ದಶಕ ಸುಮ್ಮನೆ ಬಿಡಲಿಲ್ಲ. ಇನಾಂ ರದ್ದತಿಯ ಕಾನೂನುಗಳು ಬಂದು ಜಹಗೀರಿನ ಕಾಲ ಮುಗಿಯಿತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ಹೋಗಿ ಆಚೆಯ ಶಾನುಭೋಗರೂ ಈಚೆಯ ಕರಣೀಕರೂ ಒಟ್ಟಿಗೇ ಇಲ್ಲವಾದರು. ಅವರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗನಿಗೆ 1964ರ ಭೂಕಂದಾಯ ಕಾಯ್ದೆ ಎರಡೂ ಸೀಮೆಗೆ ಒಂದೇ ನಮೂನೆಯ ಪಹಣಿ ಕೊಟ್ಟಿತು.

ನಮೂನೆ ಒಂದಾದರೂ ಮೂಲ ಎರಡೇ ಆಗಿ ಉಳಿಯಿತು. ಕೊಳ್ಳೇಗಾಲ, ಹನೂರಿನ ಹೊಲಗಳ ಮೂಲ ಸೆಂಟಿನಲ್ಲಿದೆ, ಪಹಣಿ ಗುಂಟೆಯಲ್ಲಿದೆ. ಎಕರೆಗೆ ನೂರು ಸೆಂಟು, ನಲವತ್ತು ಗುಂಟೆ. ಎರಡೂವರೆ ಸೆಂಟಿಗೆ ಒಂದು ಗುಂಟೆ. ಮೂಲದಲ್ಲಿ 1 ಎಕರೆ 37 ಸೆಂಟು ಇದ್ದರೆ ಪಹಣಿಯಲ್ಲಿ 1 ಎಕರೆ 14.8 ಗುಂಟೆ ಆಗಬೇಕು. ಆ ಎಂಟು ದಶಾಂಶವನ್ನು ಆಣೆಯಲ್ಲಿ ಬರೆಯಲು ಕಾಲಂ ಇದೆ. ಬರೆಯದೆ 14 ಎಂದು ಬಿಟ್ಟರೆ ಹೋಗುವುದು 2 ಸೆಂಟು, ಅಂದರೆ 871 ಚದರಡಿ. ಇಪ್ಪತ್ತು ನಲವತ್ತರ ಸೈಟಿಗಿಂತ ಹೆಚ್ಚು! ಹೊಲವಾಗಿದ್ದಾಗ ಅಷ್ಟು ಜಾಗ ಬದುವಿನಲ್ಲೇ ಕರಗಿಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಬಡಾವಣೆಯಾದಾಗ ಅಣ್ಣತಮ್ಮಂದಿರು ತಲೆ ಒಡೆದುಕೊಳ್ಳುತ್ತಾರೆ. ಇದರ ತಿರುಗುಮುರುಗು ಇನ್ನೂ ಮೋಜು: 37 ಸೆಂಟನ್ನು 37 ಗುಂಟೆ ಎಂದು ಓದಿಕೊಂಡರೆ ಇಲ್ಲದ 22 ಗುಂಟೆ ಹುಟ್ಟುತ್ತದೆ, ಅದಕ್ಕೂ ಮಾರ್ಗಸೂಚಿ ದರದಲ್ಲಿ ಛಾಪಾ ಕಟ್ಟಬೇಕಾಗುತ್ತದೆ.

ಹನೂರಿನ ಕಡೆ ಈ ಗೋಜಲಿನ ಮೇಲೆ ಇನ್ನೊಂದು ಪದರ. ಹನೂರು ಸ್ವಂತ ತಾಲ್ಲೂಕಾದದ್ದು ಮೊನ್ನೆ ಮೊನ್ನೆ, 2018ರಲ್ಲಿ. ಕೌದಳ್ಳಿಯ ಒಂದೇ ಸರ್ವೆ ನಂಬರನ್ನು 1956ಕ್ಕೆ ಮುಂಚೆ ಕೊಯಮತ್ತೂರು ಜಿಲ್ಲೆಯಲ್ಲಿ, 1997ರವರೆಗೆ ಮೈಸೂರು ಜಿಲ್ಲೆಯಲ್ಲಿ, ಆಮೇಲೆ ಚಾಮರಾಜನಗರ ಜಿಲ್ಲೆ ಕೊಳ್ಳೇಗಾಲ ತಾಲ್ಲೂಕಿನಲ್ಲಿ, ಈಗ ಹನೂರು ತಾಲ್ಲೂಕಿನಲ್ಲಿ ಹುಡುಕಬೇಕು. 2001ರ ದರ ಬೇಕಾದವರು ಹನೂರು ತಾಲ್ಲೂಕು ಎಂದು ಅರ್ಜಿ ಕೊಟ್ಟರೆ ಅಂಥ ತಾಲ್ಲೂಕು ಆಗ ಇರಲೇ ಇಲ್ಲ. ಜೊತೆಗೆ ಕಾಡಂಚಿನ ಎಷ್ಟೋ ಜಮೀನು ಕಂದಾಯದ್ದೋ ಅರಣ್ಯದ್ದೋ ಎನ್ನುವ ತಕರಾರಿನಲ್ಲೇ ತಲೆಮಾರು ಕಳೆದಿದೆ. ಅಂಥ ಕಡೆ ಬೆಲೆಗಿಂತ ಮೊದಲು ಹುಡುಕಬೇಕಾದ್ದು ಆ ನಂಬರಿನ ಮುಂದೆ ಸೆಟಲ್‌ಮೆಂಟಿನವನು ತೀರ್ವೆ ಬರೆದಿದ್ದಾನೋ ಇಲ್ಲವೋ ಎನ್ನುವುದನ್ನು. ಹನ್ನೆರಡಾಣೆಯ ಆ ಯಜಮಾನರಿಗೆ ನಾನು ಹೇಳಿದ್ದೂ ಅದೇ: ಮೊತ್ತ ಎಷ್ಟಾದರೂ ಇರಲಿ, ತೀರ್ವೆ ಬಿದ್ದಿದೆಯಲ್ಲ, ಅದೇ ನಿಮ್ಮ ಭಾಗ್ಯ.

ಸರ್ಕಾರದ ಪುಸ್ತಕದಲ್ಲಿ ಕಾಣುವ ರೂಪಾಯಿ ಜಮೀನಿನ ಬೆಲೆಯಲ್ಲ. ಆ ಜಮೀನಿನಿಂದ ಸರ್ಕಾರಕ್ಕೆ ಆ ಹೊತ್ತು ಏನು ಬೇಕಿತ್ತೋ ಅದರ ಬೆಲೆ. ಇದು ಹಳೇ ಕಾಲದ ವಿಷಯ ಎಂದುಕೊಳ್ಳಬೇಡಿ. ಇವತ್ತು ಪಾಲುಪಾರಿಕತ್ತಿನ ದಾವೆ ಹಾಕಿದರೆ ಕಂದಾಯ ಕಟ್ಟುವ ಜಮೀನಿಗೆ ಬೆಲೆ ಹಿಡಿಯುವುದು 1958ರ ಕೋರ್ಟ್ ಫೀ ಕಾಯ್ದೆಯ ಪ್ರಕಾರ, ಕಂದಾಯದ 25 ಪಟ್ಟು. ವರ್ಷಕ್ಕೆ 2 ರೂಪಾಯಿ ಕಂದಾಯದ ಎಕರೆ ನ್ಯಾಯಾಲಯದ ಕಣ್ಣಿಗೆ 50 ರೂಪಾಯಿಯ ಆಸ್ತಿ. ಅದೇ ಎಕರೆಯನ್ನು ರಿಜಿಸ್ಟ್ರಿಗೆ ತಂದರೆ ಲಕ್ಷಗಳಲ್ಲಿ ಮಾತು. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರವೂ ಏರಿತು. 1974ರ ಭೂಸುಧಾರಣೆಯಲ್ಲಿ ಯಾರಿಗೆ ಎಷ್ಟು ಭೂಮಿ ಉಳಿಯಬೇಕು ಎಂದು ನೀರಾವರಿ ಜಮೀನನ್ನು ದರ್ಜೆ ಮಾಡುವಾಗ ಮಣ್ಣು 8 ಆಣೆಗಿಂತ ಮೇಲೋ ಕೆಳಗೋ ಎಂದು ನೋಡಿದರು. ಹಾರೆ ಹಾಕಿ ಅಗೆದವನ ಬರಹ ನೂರು ವರ್ಷದ ಮೇಲೂ ಒಬ್ಬನ ಜಮೀನು ಉಳಿಸಿತು, ಇನ್ನೊಬ್ಬನದು ಕಳೆಯಿತು.

ನಿಜವಾಗಿ ಹೊಟ್ಟೆ ಉರಿಯುವುದು ರಸ್ತೆಗೆ ಜಮೀನು ಹೋದಾಗ. ಬೆಂಗಳೂರಿಂದ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ಹಾದು ಕೊಯಮತ್ತೂರಿಗೆ ಹೋಗುವ ಹೆದ್ದಾರಿಯ ಅಂಚಿನವರಿಗೆ ಇದು ಗೊತ್ತು. 2013ರ ಭೂಸ್ವಾಧೀನ ಕಾಯ್ದೆ ಬೆಲೆ ಹಿಡಿಯುವುದು ಮುಖ್ಯವಾಗಿ ಎರಡು ಕಡೆಯಿಂದ: ಛಾಪಾ ಕಾಯ್ದೆಯ ದರ, ಇಲ್ಲವೇ ಹಿಂದಿನ ಮೂರು ವರ್ಷ ಅಕ್ಕಪಕ್ಕ ನೋಂದಣಿಯಾದ ಕ್ರಯಪತ್ರಗಳಲ್ಲಿ ಮೇಲಿನ ಅರ್ಧದ ಸರಾಸರಿ. ಯಾವುದು ಹೆಚ್ಚೋ ಅದು. ಅದರ ಮೇಲೆ ಹಳ್ಳಿಗಾಡಿನ ಗುಣಕ, ಅಷ್ಟೇ ಮೊತ್ತದ ಸಾಂತ್ವನ ಧನ. ಊರೆಲ್ಲ ಸೇರಿ ಮೊತ್ತ ಇಳಿಸಿ ಬರೆಸಿಕೊಂಡಿದ್ದರೆ ಸರಾಸರಿ ಎಲ್ಲಿಂದ ಏರಬೇಕು? “ಬರ್ದಿದ್ದು ನೀವೇ ಅಲ್ವಾ?” ಎಂದು ನನ್ನನ್ನೇ ಕೇಳಿದವರಿದ್ದಾರೆ. ಬರೆದದ್ದು ನಾನೇ. ಮೊತ್ತ ಹೇಳಿದ್ದು ಅವರು.

ಹೀಗಿರುವುದರಿಂದ ಹಳೇ ಬೆಲೆ ಕೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಯಾತಕ್ಕೆ ಎಂದು. ತೆರಿಗೆಗಾದರೆ 2001ರ ಪಟ್ಟಿಯ ದೃಢೀಕೃತ ನಕಲು ಸಾಕು, ತರಂ ಆಣೆ ಯಾವುದೂ ಬೇಡ. ಅಂಗಡಿ ಮನೆಗಳಿಗೆ ಆ ಕಾಲದ ಪುರಸಭೆಯ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಕಟ್ಟಡದ ಅಳತೆ ಸಿಗುತ್ತದೆ, ಅದನ್ನೂ ಜೊತೆಗಿಡಿ. ಆದರೆ ಅಲ್ಲಿರುವ ರೂಪಾಯಿ ವರ್ಷದ ಬಾಡಿಗೆಯ ಅಂದಾಜು, ಮನೆಯ ಬೆಲೆಯಲ್ಲ. ಗಡಿ ತಕರಾರಿಗಾದರೆ ಬೆಲೆಯ ಕಾಗದ ಬಿಟ್ಟು ಯಳಂದೂರಿನವರು ಟಿಪ್ಪಣಿ, ಆಕಾರ್‌ಬಂದ್ ತೆಗೆಸಬೇಕು. ಕೊಳ್ಳೇಗಾಲ, ಹನೂರಿನವರು ಮದರಾಸು ಕಾಲದ ಎಫ್‌ಎಂಬಿ ನಕ್ಷೆ, ಎ ರಿಜಿಸ್ಟರ್ ತೆಗೆಸಬೇಕು. ದೇವಸ್ಥಾನದ್ದೋ ಅಗ್ರಹಾರದ್ದೋ ಇನಾಂ ಜಮೀನಾದರೆ, 1858ರಲ್ಲಿ ಶುರುವಾದ ಮದರಾಸಿನ ಇನಾಂ ಕಮಿಷನ್ನಿನವರು ಒಂದೊಂದು ಇನಾಮನ್ನೂ ಜಾಲಾಡಿ ಬರೆದ ಫೇರ್ ರಿಜಿಸ್ಟರಿದೆ. ಯಾರು ಕೊಟ್ಟದ್ದು, ಯಾತಕ್ಕೆ ಕೊಟ್ಟದ್ದು, ಅನುಭವದಲ್ಲಿ ಯಾರಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಮದರಾಸು ದಫ್ತರದಲ್ಲಿ ಕತೆಯಂತೆ ಓದಿಸಿಕೊಳ್ಳುವ ಪುಸ್ತಕ ಅದೊಂದೇ.

ತಾಲ್ಲೂಕಿನಲ್ಲಿ ಸಿಗದಿದ್ದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ದಫ್ತರಖಾನೆಗೆ ಹೋಗಬೇಕು. ಹೋಗುವವರು ಊರಿನ ಹೆಸರನ್ನು ಹಳೇ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಮೂರು ತರಹ ಬರೆದುಕೊಂಡು ಹೋಗಿ. ಹಿಸ್ಸೆ ನಂಬರು ಬಿಟ್ಟು ಮೂಲ ಸರ್ವೆ ನಂಬರು ಹಾಕಿ. ಇಸವಿಯ ಜೊತೆಗೆ ಫಸಲಿಯನ್ನೂ ಬರೆಯಿರಿ. ಅರ್ಜಿಯಲ್ಲಿ ಜಿಲ್ಲೆ ಎಂದಿರುವ ಕಡೆ ಚಾಮರಾಜನಗರ ಎಂದು ತುಂಬಬೇಡಿ, ಕೊಯಮತ್ತೂರು ಎಂದು ಬರೆಯಿರಿ.